ಹೊಳೆ ದಾಟಿದ ಕೌದಿ

ನನ್ನ ಮೈಯಲ್ಲಿ ಹೊಸ ಬಟ್ಟೆಯ ಒಂದು ಎಳೆಯೂ ಇಲ್ಲ. ಸವೆದ ಸೀರೆ, ಹರಿದ ಧೋತರ, ಯಾವುದೋ ಕೂಸಿನ ಕುಲಾವಿ, ಎಲ್ಲ ಒಂದು ಬೇಸಗೆಯಲ್ಲಿ ಬೇವಿನ ನೆರಳಿಗೆ ಕೂಡಿಕೊಂಡು ನಾನೆಂಬ ಕೌದಿಯಾದವು. ಹೊಲಿದವಳು ಹುಲಿಗೆವ್ವ, ಆಗ ಬಸುರಿ. ತುಂಗಭದ್ರೆಯ ಉತ್ತರ ದಂಡೆ, ನಿಜಾಮರ ಸೀಮೆ.

ಮಗಳು ಗಾಳೆವ್ವ ಹುಟ್ಟಿ ತಿಂಗಳಾಗಿರಲಿಲ್ಲ, ಸೀಮೆಯಲ್ಲಿ ಕೊಲೆ ಸುಲಿಗೆಯ ಗಲಾಟೆ ಎದ್ದಿತು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತಂತೆ. ನಮ್ಮ ದಂಡೆಗೆ ಇನ್ನೂ ಬಂದಿರಲಿಲ್ಲ. ಹುಲಿಗೆವ್ವನ ಗಂಡ ದ್ಯಾಮಣ್ಣ ಕೂಸನ್ನು ನನ್ನಲ್ಲಿ ಸುತ್ತಿ ಹರಿಗೋಲಿನಲ್ಲಿಟ್ಟ.

"ನೀ ಮುಂದ ನಡಿ. ಎತ್ತು ಹೊಡ್ಕೊಂಡು ಬರ್ತೀನಿ."

"ಎತ್ತು ಹಾಳಾಗ್ಲಿ, ನೀ ಬಾ."

"ಹುಚ್ಚಿ, ಎತ್ತಿಲ್ದ ಆ ದಂಡ್ಯಾಗ ಏನ್ ಮಾಡೂದು?"

ಹರಿಗೋಲು ಬುಗುರಿಯಂತೆ ತಿರುಗುತ್ತ ಹೊರಟಿತು. ದಂಡೆ, ಅವನು, ಆಕಾಶ. ಮತ್ತೆ ದಂಡೆ, ಅವನು, ಆಕಾಶ. ಒಂದು ಸುತ್ತಿನಲ್ಲಿ ಅವನಿರಲಿಲ್ಲ.

ಕೆಲವು ದಿನಗಳ ಮೇಲೆ ಅಂಬಿಗ ದ್ಯಾಮಣ್ಣನ ರುಮಾಲು ತಂದುಕೊಟ್ಟ. ಅದರ ಮೇಲೆ ರಕ್ತ ಒಣಗಿತ್ತು. ಹುಲಿಗೆವ್ವ ಅಳಲಿಲ್ಲ. ಕಾಲುಂಗುರ ತೆಗೆದು ರುಮಾಲಿನಲ್ಲಿ ಸುತ್ತಿ, ನನ್ನ ಅಂಚು ಬಿಚ್ಚಿ, ಒಳಗಿಟ್ಟು ಹೊಲಿದಳು. ಪರವೂರಿನ ಗುಡಿಸಲಲ್ಲಿ ಗಂಡ ಸತ್ತವಳೆಂದರೆ ಎಳೆಗೂಸಿನೊಂದಿಗೆ ಬಾಳುವುದು ಹೇಗೆ? ಹಣೆಯ ಕುಂಕುಮ ಹಾಗೇ ಉಳಿಸಿಕೊಂಡಳು. ಕೇಳಿದವರಿಗೆ, "ಉಂಗುರ ಹೊಳ್ಯಾಗ ಬಿದ್ದುವು. ಅಂವ ಬರ್ತಾನ," ಅಂದಳು.

ಆಣೆಕಟ್ಟಿಗೆ ಕಲ್ಲು ಹೊತ್ತಳು. ಕಟ್ಟೆ ಏರಿತು, ನೀರು ಏರಿತು, ನಾನು ಹುಟ್ಟಿದ ಬೇವಿನ ನೆರಳೂ ಮುಳುಗಿತು. ಆಮೇಲೊಂದು ದಿನ ಎರಡೂ ದಂಡೆ ಒಂದೇ ರಾಜ್ಯವಾಯಿತೆಂದು ಸಾಲೆಯಲ್ಲಿ ಸಕ್ಕರೆ ಹಂಚಿದರು. ಎಂಟು ವರ್ಷದ ಗಾಳೆವ್ವ ಓಡಿ ಬಂದಳು.

"ಯವ್ವಾ, ಗಡಿನ ಇಲ್ಲಂತ ಈಗ! ಅಪ್ಪ ಬರ್ತಾನಲಾ?"

ಹುಲಿಗೆವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಹುಡುಗಿ ನನ್ನನ್ನು ಹೊದ್ದು ಸಂಜೆಯ ತನಕ ರಸ್ತೆಬದಿ ಕೂತಳು. ಮುಷ್ಟಿಯಲ್ಲಿದ್ದ ಸಕ್ಕರೆ ಕರಗಿ ನನಗೆ ಅಂಟಿತು.

"ನಿಮ್ಮಪ್ಪ ಅಲ್ಲೇ ಬ್ಯಾರೆ ಮದ್ವಿ ಆಗ್ಯಾನ ಬಿಡ," ಎಂದು ನಕ್ಕಳು ನೆರೆಮನೆಯವಳು.

ಆ ಮಾತು ಗಾಳೆವ್ವನ ಎದೆಯಲ್ಲಿ ಕೂತುಬಿಟ್ಟಿತು. ಓಡಿಹೋದವನ ಮಗಳು. ಮದುವೆಯಲ್ಲಿ ಬೀಗರೂ ಅದನ್ನೇ ಅಂದರು. ನಮ್ಮಲ್ಲಿ ಸವೆದ ಕೌದಿಯನ್ನು ಬಿಸಾಡುವುದಿಲ್ಲ, ಮೇಲೊಂದು ಹೊಸ ಪದರ ಹೊಲಿಯುತ್ತಾರೆ. ಹುಲಿಗೆವ್ವನ ಸೀರೆ ನನಗೆ ಪದರವಾಗಿ ಬಂದಾಗ ಅವಳಿರಲಿಲ್ಲ. ಬಾಯಿ ಬಿಡದೆಯೇ ಹೋದಳು. ಗಾಳೆವ್ವ ನನ್ನನ್ನು ಹೊದ್ದು, "ಅಪ್ಪ ಯಾಕ ನಮ್ಮನ್ನ ಬಿಟ್ಟ?" ಎಂದು ಗೊಣಗುತ್ತಿದ್ದಳು. ಉತ್ತರ ನನ್ನ ಹೊಟ್ಟೆಯಲ್ಲಿತ್ತು. ಹೇಳಲು ಬಾಯಿರಲಿಲ್ಲ.

ಕಳೆದ ವರ್ಷ ಗಾಳೆವ್ವನ ಮೊಮ್ಮಗಳು ರೇಣು ನನ್ನನ್ನು ವಾಷಿಂಗ್ ಮಷೀನಿಗೆ ತುರುಕಿದಳು.

"ಅಜ್ಜೀ, ಮಷೀನು ಖಟಖಟ ಅನ್ನಾಕತ್ತೈತಿ!"

"ಕಾಲವಿ ಕಲ್ಲಿಗೆ ಬಡಿಸ್ಕೊಂಡು ಬೆಳದಾಕಿನ್ನ ಡಬ್ಬ್ಯಾಗ ಹಾಕಿದ್ರ ಸುಮ್ನಿರ್ತಾಳೇನ?"

ಬಾಗಿಲು ತೆಗೆದಾಗ ನನ್ನ ಹೊಟ್ಟೆ ಒಡೆದಿತ್ತು. ಬೆಳ್ಳಿಯ ಎರಡು ಕಾಲುಂಗುರ, ಕಂದು ಕಲೆಯ ಒಂದು ಗಂಡಸಿನ ರುಮಾಲು. ಗಾಳೆವ್ವ ರುಮಾಲನ್ನು ಒದ್ದೆ ನೆಲದ ಮೇಲೆ ಹರವಿದಳು. ಕಲೆಯ ಮೇಲೆ ಬೆರಳಾಡಿಸಿದಳು.

"ಗಂಡ ಓಡಿಹೋದ್ರ ಯಾರೂ ಕಾಲುಂಗ್ರ ತೆಗಿಯೂದಿಲ್ಲ, ರೇಣು." ಅವಳ ದನಿ ಹುಡುಗಿಯದಾಗಿತ್ತು. "ಅಪ್ಪ ನಮ್ಮನ್ನ ಬಿಟ್ಟಿಲ್ಲ."

ನಿಜಾಮರು ಹೋದರು, ಹೊಳೆ ಕಡಲಿನಂತಾಯಿತು, ಗಡಿ ಅಳಿಯಿತು. ಒಬ್ಬ ಅಪ್ಪ ಮಗಳ ಮನೆಗೆ ಬರಲು ಇಷ್ಟು ಕಾಲ ಹಿಡಿಯಿತು. ಮೂಲೆಯ ಟ್ರಂಕಿನ ಮೇಲೆ ಮಡಿಸಿಟ್ಟ ನಾನು ಈಗ ಯಾರಿಗೂ ಹೊದಿಕೆಯಲ್ಲ, ನೋಡುತ್ತ ಕೂತಿರುತ್ತೇನೆ. ಈ ಸಲದ ಹಿರಿಯರ ಹಬ್ಬಕ್ಕೆ ಗಾಳೆವ್ವ ಮೊದಲ ಬಾರಿ ಎರಡು ಎಡೆ ಹಾಕಿದಳು.

"ತಡಾ ಆತಪಾ, ಉಣ್ಣು," ಎಂದಳು ಒಂದು ಎಲೆಗೆ.

ಇನ್ನೊಂದರ ಕಡೆ ತಿರುಗಿ, "ನಿನಗ ತುಪ್ಪ ಇಲ್ಲ, ಸುಳ್ಳಬುರುಕಿ," ಎಂದು ಬೈದಳು. ಬೈಯುತ್ತಲೇ ತುಪ್ಪದ ಗಿಂಡಿಯನ್ನು ಆ ಎಲೆಯ ಮೇಲೆ ಬಗ್ಗಿಸಿದಳು, ಬಹಳ ಹೊತ್ತು.