ಬೆನ್ನು ಮುಂದಾಗಿ ಉರುಳಿದ ಸಂಜೆ

2016ರ ಮೇ 14ರಂದು ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಒತ್ತುಯಂತ್ರ ಬಾಯಿ ತೆರೆದು ನನ್ನನ್ನು ಹೊರಬಿಟ್ಟಿತು. ಮೇಪಲ್ ಮರದ ತೆಳು ಹಾಳೆಗಳನ್ನು ಅಂಟಿಸಿ ಒತ್ತಿ ಮಾಡಿದ ಸ್ಕೇಟ್‌ಬೋರ್ಡ್ ನಾನು. ಎರಡೂ ತುದಿ ಮೇಲಕ್ಕೆ ಬಾಗಿವೆ, ಹೊಟ್ಟೆಯ ಕೆಳಗೆ ಗಾಲಿಗಳಿವೆ. ನನಗೆ ಮನುಷ್ಯರು ಪಾದಗಳಿಂದ ಶುರುವಾಗುತ್ತಾರೆ.

ಮೊದಲ ಪಾದಗಳು ಪುಣೆಯ ತೇಜಸನವು. ಅವನಿಗೆ ಮೊಣಕಾಲು ನೋವು ಬಂದಾಗ ನನ್ನನ್ನು ಚಿಕ್ಕಪ್ಪನ ಮಗಳು ವೈಜಯಂತಿಗೆ ಕೊಟ್ಟ. ಹೀಗೆ ನಾನು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್ ಸೇರಿದೆ.

ಅಲ್ಲಿನ ಸಿಮೆಂಟಿನ ಬ್ಯಾಡ್ಮಿಂಟನ್ ಅಂಗಳದಲ್ಲಿ ವೈಜು ಒಂದು ಜಿಗಿತ ಕಲಿಯಲು ಹೊರಟಳು. ಓಡುತ್ತಿರುವ ನನ್ನ ಬಾಲವನ್ನು, ಅಂದರೆ ಹಿಂದಿನ ತುದಿಯನ್ನು, ಒದ್ದು, ನನ್ನನ್ನೂ ಎಬ್ಬಿಸಿಕೊಂಡು, ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ ಇಳಿಯಬೇಕು. ಗಾಳಿಯಲ್ಲಿ ಒತ್ತಲು ಆಧಾರವಿಲ್ಲ. ಆದ್ದರಿಂದ ತಿರುಗುವಿಕೆ ನೆಲದ ಮೇಲಿರುವಾಗಲೇ ಭುಜಗಳಲ್ಲಿ ಹುಟ್ಟಬೇಕು. ಅಷ್ಟನ್ನು ಬೇಗ ಕಲಿತಳು. ತೊಂದರೆಯೆಲ್ಲ ಇಳಿದ ಮೇಲೆ. ಅರ್ಧ ಸುತ್ತಿದವರು ಬಂದ ದಿಕ್ಕಿಗೆ ಮುಖಮಾಡಿ, ಬೆನ್ನು ಮುಂದಾಗಿ ಉರುಳುತ್ತಾರೆ. ಕಾಣದ ಕಡೆ ಹೋಗುವ ದಿಗಿಲಿಗೆ ಅವಳು ತಟ್ಟನೆ ಕತ್ತು ಹೊರಳಿಸುತ್ತಿದ್ದಳು. ಕತ್ತಿನ ಹಿಂದೆಯೇ ಭುಜ, ಭುಜದ ಹಿಂದೆಯೇ ಸೊಂಟ ಹೊರಳುತ್ತಿತ್ತು. ನಾನು ಕೆಳಗಿನಿಂದ ಜಾರಿಹೋಗುತ್ತಿದ್ದೆ. ಒಮ್ಮೆ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತು.

ಪ್ಲಾಸ್ಟರ್ ಬಿಚ್ಚಿದ ದಿನ ಅವಳ ಅವ್ವ ನನ್ನನ್ನು ದಿಟ್ಟಿಸಿ ಹೇಳಿದಳು: "ಇನ್ನೊಮ್ಮೆ ಬಿದ್ದಿ ಅಂದ್ರ ಇದನ್ನ ಹಂಡೇದ ಒಲಿಗೆ ಹಾಕ್ತೀನಿ. ನೀರರ ಕಾಯಲಿ."

ವೈಜು ನನ್ನ ಮೇಲೆ ನಿಂತಳು. ಹಿಮ್ಮಡಿ ನನ್ನನ್ನು ಭಾರವಾಗಿ ಒತ್ತಿತು. ಅವಳ ಅಪ್ಪ ಫಕೀರಪ್ಪ ಗೂಡ್ಸ್ ರೈಲಿನ ಗಾರ್ಡ್. ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದವರು ಎದ್ದು ಬಂದರು.

"ಹೊಳ್ಳಿ ನೋಡಬ್ಯಾಡವಾ. ನಾ ಕಡೀ ಡಬ್ಬ್ಯಾಗ ನಿಂತು, ದೂರ ಹೋಗೂ ಹಳೀ ನೋಡ್ಕೋತನ ಇಷ್ಟ್ ವರ್ಷ ದುಡದೀನಿ. ಎಲ್ಲಿಗೆ ಹೊಂಟೇವಿ ಅನ್ನೂದು ಡ್ರೈವರ್ ನೋಡ್ಕೋತಾನ."

"ನನ್ ಗಾಡಿಗೆ ಡ್ರೈವರ್ ಎಲ್ಲದಾನಪ್ಪಾ?"

"ನಿನ್ ಕಾಲ ಕೆಳಗ ಅದಾನಲ್ಲ."

ಅಷ್ಟು ದೊಡ್ಡ ಹುದ್ದೆಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ಡ್ಯೂಟಿ ಇಲ್ಲದ ಸಂಜೆಗಳಲ್ಲಿ ಅಪ್ಪ ಅವಳ ಎರಡೂ ಕೈ ಹಿಡಿದು ಹಿಮ್ಮುಖವಾಗಿ ತಳ್ಳುತ್ತಿದ್ದರು. ಬೆರಳುಗಳನ್ನು ಮೆಲ್ಲಗೆ ಬಿಡುತ್ತಿದ್ದರು. "ನನ್ ಅಂಗಿ ಗುಂಡಿ ನೋಡು" ಎನ್ನುತ್ತಿದ್ದರು. ಅವಳ ಹಿಮ್ಮಡಿ ಹಗುರಾದದ್ದು ಅವಳಿಗಿಂತ ಮೊದಲು ನನಗೆ ತಿಳಿಯಿತು.

ಕೊನೆಗೊಂದು ಸಂಜೆ, ಮೆಂತ್ಯ ಸೊಪ್ಪು ಸೋಸುತ್ತಿದ್ದ ಅವ್ವನ ಎದುರಿಗೇ, ಅವಳು ಅಪ್ಪನ ಪಕ್ಕದಿಂದ ಹೊರಟು ಜಿಗಿದಳು. ನೆಲ ದೂರವಾಯಿತು, ಆಕಾಶ ತಿರುಗಿತು, ಗಾಲಿಗಳು ಒಟ್ಟಿಗೆ ಇಳಿದವು. ಕತ್ತು ಹೊರಳಲಿಲ್ಲ. ಅಪ್ಪ ಕೈಯೆತ್ತಿ ನಿಂತಿದ್ದರು, ಹಸಿರು ಬಾವುಟ ಹಿಡಿದವರಂತೆ. ಚಿಕ್ಕದಾಗುತ್ತ ಹೋದ ಅವರನ್ನೇ ನೋಡುತ್ತ ಅವಳು ಹಿಂದಕ್ಕೆ ಉರುಳಿದಳು. ನಾನಾಗಿಯೇ ನಿಲ್ಲುವವರೆಗೂ ಇಳಿಯಲಿಲ್ಲ.

"ಬೀಳಲಿಲ್ಲಲ್ಲ" ಎಂದಳು ಅವ್ವ, ತನಗೇ ಹೇಳಿಕೊಂಡಂತೆ.

ಈಗ ನನ್ನ ಬಾಲ ಸವೆದು ಪದರ ಬಿಚ್ಚಿದೆ. ವೈಜುಗೆ ಹೊಸ ಬೋರ್ಡ್ ಬಂದಿದೆ. ಹೊಲಿಗೆ ಯಂತ್ರದ ಪಕ್ಕದಲ್ಲಿ ಅವ್ವನ ಬಟ್ಟೆಯ ಗಂಟು ಹೊತ್ತು, ಅವಳು ಎಳೆದತ್ತ ಉರುಳುತ್ತೇನೆ. ಪ್ರೀತಿಯ ಮುಖವೊಂದು ಕಣ್ಣೆದುರಿಗಿದ್ದರೆ ಕಾಣದ ಕಡೆಗೂ ಹೋಗಬಹುದೆಂದು ನಾನು ಬಲ್ಲೆ. ಎಷ್ಟು ದೂರ ಎಂಬುದಕ್ಕೆ ಲೆಕ್ಕವೂ ಉಂಟು. ಆ ಸಂಜೆ ಗಾಲಿ ನೆಲ ಮುಟ್ಟಿದಲ್ಲಿಂದ ನಿಂತಲ್ಲಿಯವರೆಗೆ ಅವ್ವನೇ ಬಗ್ಗಿ, ಬ್ಲೌಸ್ ಅಳೆಯುವ ಟೇಪನ್ನು ಸರಿಸಿ ಸರಿಸಿ ಅಳೆದಿದ್ದಳು: ಆರು ಮೀಟರ್ ಹತ್ತು ಸೆಂಟಿಮೀಟರ್.