ಆರ್ಲಿಸ್ ಹಾಕಿಕೊಟ್ಟ ಬೆಂಕಿ

ಹೆಂಡತಿಯ ತಲೆನೋವಿಗೆ ಮಾತ್ರೆ ತರಲು ಹೋಬರ್ಟ್ ಔಷಧದಂಗಡಿಯ ಮುಂದೆ ಪಿಕಪ್ ಗಾಡಿ ನಿಲ್ಲಿಸಿ ಒಳಗೆ ಹೋಗಿದ್ದ. ವೆಲ್ಮಾ ಗಾಡಿಯಲ್ಲೇ ಕುಳಿತಿದ್ದಳು. ಚಳಿಗೆ ಮೂಗು ಸೋರುತ್ತಿತ್ತು, ಕರವಸ್ತ್ರ ಮನೆಯಲ್ಲೇ ಉಳಿದಿತ್ತು. ಕಾಗದದ ತುಂಡಾದರೂ ಸಿಕ್ಕೀತೆಂದು ಮುಂದಿದ್ದ ಡ್ಯಾಶ್‌ಬೋರ್ಡಿನ ಗೂಡು ತೆರೆದಳು. ಟಾರ್ಚು, ಹಳೆಯ ಕೈಗವಸು, ಚರ್ಚಿನಲ್ಲಿ ಹಂಚಿದ ಹಾಳೆಗಳು. ಅವುಗಳ ಅಡಿಯಲ್ಲಿ ಬಿಳಿ ಪ್ಲಾಸ್ಟಿಕ್ಕಿನ ದುಂಡನೆಯ ಡಬ್ಬಿಯೊಂದು, ಪಕ್ಕದಲ್ಲಿ ಅದರ ಬ್ಯಾಟರಿ.

ವೆಲ್ಮಾ ಅದನ್ನು ಕೈಗೆತ್ತಿಕೊಂಡಳು. ಅದು ಅವರ ಮಲಗುವ ಕೋಣೆಯ ಬಾಗಿಲ ಪಕ್ಕದಲ್ಲಿದ್ದ ಅಲಾರಂ. ಮನೆಯೊಳಗೆ ಬೆಂಕಿಯಿಂದ ಬರುವ, ವಾಸನೆಯಿಲ್ಲದ ವಿಷಗಾಳಿ ತುಂಬಿಕೊಂಡರೆ ಕಿರುಚಿ ಎಬ್ಬಿಸಬೇಕಾದದ್ದು. "ಕಳಪೆ ಮಾಲು, ಸುಮ್ಸುಮ್ನೆ ಅರಚುತ್ತೆ. ಅಂಗಡಿಗೆ ವಾಪಸ್ ಕೊಟ್ಟೆ, ಹೊಸದು ಕಳಿಸ್ತಾರಂತೆ" ಎಂದು ಕ್ರಿಸ್‌ಮಸ್ಸಿಗೆ ಮೊದಲೇ ಹೋಬರ್ಟ್ ಹೇಳಿದ್ದ. ಹೊಸದು ಬರಲೇ ಇಲ್ಲ. ಅವಳು ಒಂದೆರಡು ಸಲ ಕೇಳಿ ಸುಮ್ಮನಾಗಿದ್ದಳು. ಗಂಡನ ಮಾತಿಗೆ ಯಾರು ಸಾಕ್ಷಿ ಕೇಳುತ್ತಾರೆ?

ಈಗ ಬ್ಯಾಟರಿ ತುರುಕಿ ಗುಂಡಿ ಒತ್ತಿದಳು. ಡಬ್ಬಿ ಕಿವಿ ತೂತಾಗುವಂತೆ ಕಿರುಚಿತು. ರಸ್ತೆ ದಾಟುತ್ತಿದ್ದ ಮುದುಕಿಯೊಬ್ಬಳು ಬೆಚ್ಚಿ ತಿರುಗಿ ನೋಡಿದಳು. ಕೆಟ್ಟುಹೋದ ವಸ್ತು ಹೀಗೆ ಕಿರುಚುವುದಿಲ್ಲ.

ಇದೆಲ್ಲ ಶುರುವಾದದ್ದು ಹಿಂದಿನ ಚಳಿಗಾಲದ ಹಿಮಬಿರುಗಾಳಿಯಿಂದ. ಕೆಂಟಕಿಯ ಆ ಕಲ್ಲಿದ್ದಲು ಬೆಟ್ಟಗಳಲ್ಲಿ ಮರಗಳು ಮಂಜುಗಡ್ಡೆಯ ಭಾರಕ್ಕೆ ಮುರಿದು ತಂತಿಗಳ ಮೇಲೆ ಬಿದ್ದು, ವಾರಗಟ್ಟಲೆ ಕರೆಂಟಿರಲಿಲ್ಲ. ಅಗ್ಗಿಷ್ಟಿಕೆಗೆ ಸೌದೆ ಒಡೆಯಲು ಹೋಬರ್ಟನ ಬೆನ್ನು ಕೇಳಲಿಲ್ಲ. ಗಣಿಯಲ್ಲಿ ಚಾವಣಿ ಕುಸಿದು ಪೆಟ್ಟಾಗಿದ್ದ ಬೆನ್ನು ಅದು. ಗಂಡಹೆಂಡತಿ ಇಬ್ಬರೂ ಇದ್ದಬದ್ದ ಕಂಬಳಿಗಳನ್ನೆಲ್ಲ ಹೊದ್ದು ದಿನ ದೂಡಿದರು. ಕರೆಂಟು ಬಂದ ಮೇಲೆ ಹೋಬರ್ಟ್ ತೀರ್ಮಾನ ಮಾಡಿಬಿಟ್ಟ. ಅಗ್ಗಿಷ್ಟಿಕೆಗೆ ಗ್ಯಾಸ್ ಕೊರಡು ಹಾಕಿಸಬೇಕು. ನೋಡಲು ಥೇಟ್ ಓಕ್ ಮರದ ಕೊರಡು, ಆದರೆ ಸುಟ್ಟ ಮಣ್ಣಿನವು. ಕೆಳಗೆ ಗ್ಯಾಸಿನ ಬರ್ನರ್. ಕರೆಂಟೂ ಬೇಡ, ಕೊಡಲಿಯೂ ಬೇಡ.

ಹಾಕಿಕೊಡಲು ಆರ್ಲಿಸ್ ಇದ್ದನಲ್ಲ. ಚರ್ಚಿನ ಹಿರಿಯ, ಗಣಿ ಮುಚ್ಚಿದ ಮೇಲೆ ಗ್ಯಾಸ್ ಪೈಪಿನ ಕೆಲಸ ಕಲಿತವನು. ಅದಕ್ಕಿಂತ ಹೆಚ್ಚಾಗಿ, ಚಾವಣಿ ಕುಸಿದ ದಿನ ಕತ್ತಲಲ್ಲಿ ಹೋಬರ್ಟನನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದವನು. ಆ ಮನೆಯಲ್ಲಿ ಆರ್ಲಿಸ್ ಹೇಳಿದ್ದಕ್ಕೆ ಎದುರು ಮಾತಿರಲಿಲ್ಲ.

ಆರ್ಲಿಸ್ ಕೆಲಸಕ್ಕೆ ಕುಳಿತರೆ ಪೂಜೆಗೆ ಕುಳಿತ ಹಾಗೆ. ಮೊದಲು ಚಿಮಣಿ ಉಜ್ಜಿ ಮಸಿ ಇಳಿಸಿದ, ಹಳೆಯ ಹಕ್ಕಿಗೂಡೊಂದನ್ನು ಎಳೆದು ತೆಗೆದ. ಪೈಪು ಜೋಡಿಸಿ, ಪ್ರತಿ ಜೋಡಣೆಗೂ ಬಣ್ಣದ ಬ್ರಷ್ಷಿನಿಂದ ಸೋಪಿನ ನೊರೆ ಬಳಿದು, ಕಣ್ಣು ಕೀಲಿಸಿ ಕುಳಿತ.

"ಏನು ಬ್ರದರ್, ಪೈಪಿಗೆ ಸ್ನಾನ ಮಾಡಿಸ್ತಿದ್ದೀರಾ?" ಎಂದಳು ವೆಲ್ಮಾ.

"ನೊರೆ ಗುಳ್ಳೆ ಎದ್ರೆ ಗ್ಯಾಸು ಸೋರ್ತಿದೆ ಅಂತ ಸಿಸ್ಟರ್. ಏಳದಿದ್ರೆ ನನಗೆ ಊಟ."

ಗುಳ್ಳೆ ಏಳಲಿಲ್ಲ. ಬರ್ನರಿನ ಮೇಲೆ ಮರಳು ಹರಡಿ, ಕೊರಡುಗಳನ್ನು ಒಂದೊಂದಾಗಿ ಅದರದರ ಕಬ್ಬಿಣದ ಮುಳ್ಳಿನ ಮೇಲೆ ಕೂರಿಸಿದ. "ಚೆಂದ ಕಾಣ್ಲಿ ಅಂತ ಇವನ್ನ ಆಚೆ ಈಚೆ ಸರಿಸ್ಬೇಡಿ. ಉರಿ ಕೊರಡಿಗೆ ತಗುಲಿದ್ರೆ ಮಸಿ, ವಿಷ ಎರಡೂ."

"ನಾನ್ಯಾಕೆ ಸರಿಸ್ಲಿ, ಧೂಳು ಒರೆಸೋಕೇ ಪುರುಸೊತ್ತಿಲ್ಲ."

ಅಲಾರಂ ಗೋಡೆಗೆ ಹಾಕಿದವನೂ ಅವನೇ. "ಇದು ಕೂಗಿದ್ರೆ ಯಾಕೆ ಏನು ಅಂತ ವಿಚಾರಿಸ್ತಾ ಕೂರ್ಬೇಡಿ. ಮೊದ್ಲು ಹೊರಗೆ ಓಡಿ, ಆಮೇಲೆ ನನಗೆ ಫೋನ್ ಮಾಡಿ" ಎಂದ. ಒಲೆಯ ಮೇಲೆ ಬೀನ್ಸ್ ತಳ ಹಿಡಿಯುವ ವಾಸನೆ ಬಂತೆಂದು ವೆಲ್ಮಾ ಅಡುಗೆಮನೆಗೆ ಓಡಿದಳು. ಚಿಮಣಿಯ ಗಂಟಲೊಳಗೆ ಉಳಿದಿದ್ದ ಕೊನೆಯ ಕೆಲಸವನ್ನು ಗಂಡಸರಿಬ್ಬರೂ ಟಾರ್ಚು ಹಿಡಿದು ಮುಗಿಸಿದರು.

ಬೆಂಕಿ ಬಲು ಚೆಂದವಿತ್ತು. ಆದರೆ ಬಿಸಿ ಮಾತ್ರ ಇರಲಿಲ್ಲ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಬಂದಿದ್ದ ವೆಲ್ಮಾಳ ಅಕ್ಕ ಅರ್ನೆಸ್ಟೀನ್ ಕೋಟು ಬಿಚ್ಚಲೇ ಇಲ್ಲ.

"ಹೋಬರ್ಟ್, ಬೆಂಕಿಯದೊಂದು ಫೋಟೊ ತೂಗುಹಾಕಿದ್ರೂ ಇಷ್ಟೇ ಬೆಚ್ಚಗಿರ್ತಿತ್ತಲ್ಲೋ!"

"ಈ ಬೆಂಕಿ ನಮಗಲ್ಲ ಅಕ್ಕಾ, ಕಾಗೆಗಳಿಗೆ" ಎಂದಳು ವೆಲ್ಮಾ. "ಚಿಮಣಿ ಮೇಲೆ ಸಾಲಾಗಿ ಕೂತು ಹೊಟ್ಟೆ ಕಾಯಿಸ್ಕೊತಾವೆ. ನಮ್ಮೆಜಮಾನ್ರಿಗೆ ಪುಣ್ಯ ಬರುತ್ತೆ."

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಹೋಬರ್ಟನೂ ನಕ್ಕ. ಅವನ ಕಿವಿ ಕೆಂಪಾದದ್ದನ್ನು ವೆಲ್ಮಾ ನೋಡಿದಳು, ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಕೆಲವೇ ದಿನದಲ್ಲಿ ಕೋಣೆ ಬೆಚ್ಚಗಾಯಿತು, ಸ್ವೆಟರ್ ತೆಗೆದಿಡುವಷ್ಟು. "ಬರ್ನರ್ ಸ್ವಲ್ಪ ಸರಿಮಾಡ್ದೆ" ಎಂದು ಹೋಬರ್ಟ್ ಎದೆಯುಬ್ಬಿಸಿ ಓಡಾಡಿದ. ಅರ್ನೆಸ್ಟೀನಳಿಗೆ ಫೋನು ಮಾಡಿ ಹೇಳಿದ, ಚರ್ಚಿನಲ್ಲಿ ಸಿಕ್ಕಸಿಕ್ಕವರಿಗೆ ಹೇಳಿದ. ವೆಲ್ಮಾ ಕೂಡ ಮನಸಾರೆ ಹೊಗಳಿದಳು. ಅದಾದ ಮೇಲೆ ಒಂದು ಸಂಜೆ ಅಲಾರಂ ಕೂಗಿತು. ಅವಳು ಕೋಟು ಹುಡುಕುವಷ್ಟರಲ್ಲಿ ಹೋಬರ್ಟ್ ಅದನ್ನು ಗೋಡೆಯಿಂದ ಕಿತ್ತು, ಕಳಪೆ ಮಾಲು ಎಂದು ಬೈದು, ಜೇಬಿಗೆ ಹಾಕಿಕೊಂಡಿದ್ದ.

ಆಮೇಲೆ ವೆಲ್ಮಾಳಿಗೆ ತಲೆನೋವು ಬಂತು. ಹೊಟ್ಟೆ ತೊಳಸು, ಕಾಲಲ್ಲಿ ಸೋಲು. ಬಚ್ಚಲಲ್ಲಿ ಒಮ್ಮೆ ಬಿದ್ದಳು. ಹಗಲೆಲ್ಲ ಹೊರಗಿರುತ್ತಿದ್ದ ಹೋಬರ್ಟನಿಗೆ ಅಷ್ಟೇನೂ ಆಗಲಿಲ್ಲ. ಡಾಕ್ಟರು ರಕ್ತದೊತ್ತಡವೆಂದು ಮಾತ್ರೆ ಬರೆದುಕೊಟ್ಟರು. ಅಕ್ಕನ ಮನೆಯಲ್ಲಿ ಒಂದೆರಡು ದಿನ ಇದ್ದು ಬಂದಾಗ ತಲೆನೋವು ಮಾಯವಾಗಿತ್ತು, ಮನೆಗೆ ಬಂದೊಡನೆ ಮತ್ತೆ ಹತ್ತಿಕೊಂಡಿತು. ಅದನ್ನು ಹೇಳಿದರೆ ಹೋಬರ್ಟ್, "ಹಾಗಾದ್ರೆ ಕಾಯಿಲೆ ನಾನೇ ಅನ್ನು. ಡಾಕ್ಟರಿಗೆ ಹೇಳಿ ನನ್ನನ್ನೇ ಬದಲಾಯಿಸ್ಕೋ" ಎಂದಿದ್ದ. ಇಬ್ಬರೂ ನಕ್ಕಿದ್ದರು. ಆ ನಗು ನೆನಪಾಗಿ ಈಗ ಗಾಡಿಯಲ್ಲಿ ವೆಲ್ಮಾಳಿಗೆ ಮೈಯೆಲ್ಲ ಉರಿಯಿತು.

ಹೋಬರ್ಟ್ ಮಾತ್ರೆಯ ಪೊಟ್ಟಣ ಹಿಡಿದು ಬಂದು ಕುಳಿತ. ಅವಳ ಮಡಿಲಲ್ಲಿದ್ದ ಡಬ್ಬಿ ನೋಡಿದ. ಕೀಲಿ ತಿರುಗಿಸಲಿಲ್ಲ.

"ಇದು ಅಂಗಡಿಗೆ ಹೋಗಿತ್ತಲ್ವಾ?"

"ವೆಲ್ಮಾ, ಅದು..."

"ಚೆನ್ನಾಗೇ ಕೂಗುತ್ತೆ. ಈಗಷ್ಟೇ ನೋಡ್ದೆ. ಮನೇಲಿ ವಿಷಗಾಳಿ ಇದೆ ಅಂತ ನಿನಗೆ ಗೊತ್ತಿತ್ತು."

ಹೋಬರ್ಟ್ ಸ್ಟೀರಿಂಗನ್ನು ಎರಡೂ ಕೈಯಿಂದ ಹಿಡಿದುಕೊಂಡ. "ಆರ್ಲಿಸ್ ಕೆಲಸದಲ್ಲಿ ಏನೋ ಎಡವಟ್ಟಾಗಿದೆ ಅನ್ಸುತ್ತೆ. ಅವನ ಮುಖಕ್ಕೆ ಹೇಗೆ ಹೇಳ್ಲಿ? ನನ್ನ ಹೊತ್ಕೊಂಡು ಬಂದೋನು ಕಣೇ ಅವನು. ಊರಿಗೆ ಗೊತ್ತಾದ್ರೆ ಅವನ ಹತ್ರ ಇನ್ನು ಯಾರು ಕೆಲಸ ಮಾಡಿಸ್ತಾರೆ?"

ಗೆಳೆಯನ ಮಾನ ಒಂದು ಕಡೆ, ಅವಳ ಉಸಿರು ಇನ್ನೊಂದು ಕಡೆ. ಹೋಬರ್ಟ್ ಆರಿಸಿಕೊಂಡದ್ದು ಯಾವುದನ್ನು ಎಂದು ಕೇಳಬೇಕಾಗಿಯೇ ಇರಲಿಲ್ಲ. ಅವನಿದ್ದ ಗಣಿಯಲ್ಲಿ ಯಂತ್ರ ನಿಲ್ಲಬಾರದೆಂದು ಮೇಸ್ತ್ರಿಗಳು ಗ್ಯಾಸು ಅಳೆಯುವ ಮೀಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಿದ್ದರು. ಅದನ್ನು ನೆನೆದು ಹೋಬರ್ಟ್ ಮೇಜು ಕುಟ್ಟಿ ಬೈಯದ ಊಟವೇ ಇರಲಿಲ್ಲ ಆ ಮನೆಯಲ್ಲಿ.

"ಮೀಟರಿಗೆ ಚೀಲ ಕಟ್ಟಿದೋರನ್ನ ಕೊಲೆಗಡುಕರು ಅಂತಿದ್ದೆ. ಈಗ ನಿನ್ನನ್ನ ಏನಂತ ಕರೀಲಿ?"

"ಅದು ಬೇರೆ, ಇದು ಬೇರೆ."

"ಹೌದು, ಬೇರೇನೇ. ಆ ಮೇಸ್ತ್ರಿಗಳು ಒಳಗೆ ತಮ್ಮ ಹೆಂಡ್ತೀನ ಬಿಟ್ಟಿರ್ಲಿಲ್ಲ."

ಗಾಡಿಯಿಂದಲೇ ಆರ್ಲಿಸನಿಗೆ ಫೋನು ಮಾಡಿ ಬರಹೇಳಿದಳು. ಮನೆಗೆ ಬಂದು ಗ್ಯಾಸಿನ ಕೀಲಿ ಮುಚ್ಚಿ, ಇದ್ದ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಕೋಟು ಹಾಕಿಕೊಂಡೇ ಕಾದಳು. ಆರ್ಲಿಸ್ ಬಾಗಿಲಲ್ಲಿ ಬೂಟು ಒರೆಸುತ್ತಿದ್ದಂತೆಯೇ ಅವಳು ಬಾಯಿ ಹರಿಬಿಟ್ಟಳು. ಅಷ್ಟು ವರ್ಷ ಬ್ರದರ್ ಎಂದವಳು, ನೀವು ಎಂದವಳು, ಆ ದಿನ ಎರಡನ್ನೂ ಬಿಟ್ಟಳು.

"ಬಾ ಆರ್ಲಿಸ್, ಒಳಗೆ ಬಾ. ನೀನು ಹಾಕಿದ ಬೆಂಕಿ ನೋಡು ಬಾ. ಸೋಪು ಬಳಿದು ನಾಟಕ ಆಡ್ದೆ. ನಿನ್ನ ನಂಬಿ ಒಬ್ಬ ಇನ್ಸ್‌ಪೆಕ್ಟರನ್ನೂ ಕರೆಸ್ಲಿಲ್ಲ ನಾವು. ನಾನು ಬಚ್ಚಲಲ್ಲಿ ಬಿದ್ದು ಸತ್ತಿದ್ರೆ ಶವದ ಮುಂದೆ ನಿಂತು ಪ್ರಾರ್ಥನೆ ಮಾಡೋನೂ ನೀನೇ ಅಲ್ವಾ? ನಾಚಿಕೆ ಆಗ್ಬೇಕು ನಿನಗೆ!"

ಆರ್ಲಿಸ್ ಟೋಪಿ ತೆಗೆದು ತಲೆ ತಗ್ಗಿಸಿ ಕೇಳಿಸಿಕೊಂಡ. ಹೋಬರ್ಟ್ ಗೋಡೆಗೊರಗಿ ನಿಂತಿದ್ದ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಆರ್ಲಿಸ್ ಅಗ್ಗಿಷ್ಟಿಕೆಯ ಮುಂದೆ ಮಂಡಿಯೂರಿ, ಅಂಗಾತ ಮಲಗಿ, ಟಾರ್ಚು ಹಾಕಿ ಚಿಮಣಿಯೊಳಗೆ ನೋಡಿದ. ತುಂಬ ಹೊತ್ತು ನೋಡಿದ. ಹೊರಬಂದಾಗ ಹಣೆಗೆ ಮಸಿ ಹತ್ತಿತ್ತು. ಅವನ ಕಣ್ಣು ಹೋದದ್ದು ವೆಲ್ಮಾಳ ಕಡೆಗಲ್ಲ, ಹೋಬರ್ಟನ ಕಡೆಗೆ.

"ಮೇಲೆ ಕಬ್ಬಿಣದ ಮುಚ್ಚಳ ಇದೆಯಲ್ಲ, ಅದು ಪೂರ್ತಿ ಮುಚ್ಚಿದೆ" ಎಂದ ನಿಧಾನವಾಗಿ. "ಈ ಥರದ ಕೊರಡಿಗೆ ಅದು ತೆರೆದೇ ಇರ್ಬೇಕು. ಬಿಸಿ ಮೇಲೆ ಹೋಗುತ್ತೆ ನಿಜ, ಆದ್ರೆ ವಿಷವೂ ಅದೇ ದಾರೀಲಿ ಹೋಗ್ಬೇಕು. ಮರೆತೂ ಯಾರೂ ಮುಚ್ಚಬಾರ್ದು ಅಂತ ಅದಕ್ಕೊಂದು ಕ್ಲಾಂಪು ಸ್ಕ್ರೂ ಬಿಗಿದು ಹಾಕ್ತೀವಿ. ಅದಿಲ್ಲ ಇಲ್ಲಿ."

"ಯಾಕಿಲ್ಲ?"

ಆರ್ಲಿಸ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ನಾನೇ... ಹಾಕೋದು ಮರೆತಿರ್ಬೇಕು. ತಪ್ಪಾಯ್ತು ಸಿಸ್ಟರ್."

ವೆಲ್ಮಾ ಮತ್ತೆ ಬೈಯಲು ಬಾಯಿ ತೆರೆದವಳು ನಿಂತಳು. ಒಂದು ಗುಳ್ಳೆಗಾಗಿ ಅಷ್ಟು ಹೊತ್ತು ಕಣ್ಣು ಮಿಟುಕಿಸದೆ ಕುಳಿತವನು, ಇದನ್ನು ಮರೆತನೇ? ಅವನ ಕೈಯಿಂದ ಟಾರ್ಚು ಕಿತ್ತುಕೊಂಡು ತಾನೇ ಮಂಡಿಯೂರಿದಳು. ಕತ್ತು ನೋಯುವವರೆಗೆ ಬಗ್ಗಿ ನೋಡಿದಳು. ತುಕ್ಕು ಹಿಡಿದ ಮುಚ್ಚಳದ ಅಂಚಿನಲ್ಲಿ ಕ್ಲಾಂಪಿನ ಸ್ಕ್ರೂ ಬಿಗಿಯಾಗಿ ಕಚ್ಚಿ ಬಿಟ್ಟ ಹೊಸ ಗುರುತು ಎದ್ದು ಕಾಣುತ್ತಿತ್ತು.

ಎದ್ದು ನಿಂತು ಇಬ್ಬರ ಮುಖವನ್ನೂ ನೋಡಿದಳು. ಯಾರೂ ಅವಳತ್ತ ನೋಡುತ್ತಿರಲಿಲ್ಲ.

"ಗಣಿಯಿಂದ ಹೊತ್ಕೊಂಡು ಬಂದಿದ್ದು ಸಾಕು ಬ್ರದರ್" ಎಂದಳು. "ಈಗ ಇಳಿಸಿ ಇವನನ್ನ. ಕ್ಲಾಂಪು ನೀವು ಹಾಕಿದ್ರಿ. ಕಿತ್ತೋನು ಇವನು. ನಾನು ಇಷ್ಟು ಹೊತ್ತು ನಿಮಗೆ ಬೈದದ್ದನ್ನ ಇಲ್ಲೇ ನಿಂತು ಕೇಳ್ತಿದ್ದ."

ಆರ್ಲಿಸ್ ಟೋಪಿ ತಲೆಗಿಟ್ಟುಕೊಂಡು ಬಾಗಿಲ ಕಡೆ ಸರಿದ. ಹೋಬರ್ಟನ ಮುಖ ಬಿಳಿಚಿಕೊಂಡಿತು.

"ನೀನು ನಕ್ಕೆ" ಎಂದ ಹೋಬರ್ಟ್. "ಎಲ್ಲರ ಮುಂದೆ. ಕಾಗೆ, ಪುಣ್ಯ ಅಂತ. ನಾನು ಆಸೆಪಟ್ಟು ಹಾಕ್ಸಿದ್ದು ಅದು. ಬಿಸಿ ಬಂದ ಮೇಲೆ ನೀನೇ ಹೊಗಳ್ದೆ. ಆಮೇಲೆ ಹೇಗೆ ಬಾಯಿಬಿಡ್ಲಿ?"

"ನಕ್ಕಿದ್ದಕ್ಕೆ?" ವೆಲ್ಮಾಳಿಗೆ ತನ್ನ ದನಿಯೇ ದೂರದಿಂದ ಕೇಳಿದಂತಾಯಿತು. "ನಕ್ಕಿದ್ದಕ್ಕೆ ನನ್ನನ್ನ ಇಷ್ಟು ದಿನ ವಿಷದಲ್ಲಿ ಮಲಗಿಸ್ದೆಯಾ?"

"ಹಾಗನ್ಬೇಡ! ನಿನಗೆ ಏನಾದ್ರೂ ಆಗ್ಲಿ ಅಂತ ಮಾಡಿದ್ನಾ ನಾನು?" ಹೋಬರ್ಟ್ ಒಂದು ಹೆಜ್ಜೆ ಮುಂದೆ ಬಂದ. ಕಣ್ಣಲ್ಲಿ ನೀರಿತ್ತು. "ಮಲಗೋಕೆ ಮುಂಚೆ ದಿನಾ ಅಡುಗೆಮನೆ ಕಿಟಕಿಯ ಗಾಜು ನಾಲ್ಕು ಬೆರಳು ಮೇಲಕ್ಕೆತ್ತಿಡ್ತಿದ್ದೆ ಕಣೇ. ಗಾಳಿ ಆಡ್ಲಿ ಅಂತ. ನಿನಗೋಸ್ಕರ. ದೇವರಾಣೆ, ಒಂದು ದಿನವೂ ತಪ್ಪಿಸ್ಲಿಲ್ಲ."

ವೆಲ್ಮಾ ಹತ್ತಿರದ ಕುರ್ಚಿಯಲ್ಲಿ ಕುಳಿತಳು.

ಆ ಕಿಟಕಿ ಅವಳಿಗೆ ಗೊತ್ತಿತ್ತು. ದಿನಾ ಅವನು ಮಲಗಿದ ಮೇಲೆ ನೀರು ಕುಡಿಯಲು ಹೋದಾಗ ಅದು ತೆರೆದಿರುತ್ತಿತ್ತು. ಪಾಪ, ಮುದುಕನಿಗೆ ಮರೆವು ಶುರುವಾಯಿತು ಎಂದುಕೊಳ್ಳುತ್ತಿದ್ದಳು. ಹೇಳಿದರೆ ನೊಂದುಕೊಳ್ಳುತ್ತಾನೆಂದು ಹೇಳುತ್ತಿರಲಿಲ್ಲ. ಅವನ ನೋಯುವ ಬೆನ್ನಿಗೆ ಚಳಿ ತಾಗಬಾರದೆಂದು ಸದ್ದಾಗದಂತೆ ಕಿಟಕಿ ಇಳಿಸಿ, ಚಿಲಕ ಹಾಕಿ, ಸಂದಿಗೆ ಟವೆಲ್ ಕೂಡ ತುರುಕಿ ಬರುತ್ತಿದ್ದಳು.

"ನಾನು ಅದನ್ನ ದಿನಾ ಮುಚ್ತಿದ್ದೆ, ಹೋಬರ್ಟ್."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅಡುಗೆಮನೆಯ ಕಡೆಗೆ ತಿರುಗಿ ನೋಡಿದ.

"ಕಿಟಕಿ ಎತ್ತೋಕೆ ಗೊತ್ತಾಯ್ತು ನಿನಗೆ. ಒಂದು ಮಾತು ಹೇಳೋಕೆ ಗೊತ್ತಾಗ್ಲಿಲ್ಲ" ಎಂದಳು ವೆಲ್ಮಾ. ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ. ಕೋಟು ಮೈಮೇಲೆಯೇ ಇತ್ತು, ಕೈಚೀಲವನ್ನಷ್ಟೇ ತೆಗೆದುಕೊಂಡಳು. "ಬ್ರದರ್, ನಿಮ್ಮ ಗಾಡೀಲಿ ನನ್ನ ಅಕ್ಕನ ಮನೆಗೆ ಬಿಡ್ತೀರಾ? ದಾರೀಲಿ ನಿಮ್ಮ ಹತ್ರ ಕ್ಷಮೆ ಕೇಳೋದಿದೆ."

ಆರ್ಲಿಸ್ ತಲೆಯಾಡಿಸಿ ಹೊರಗೆ ಹೋದ. ಹೋಬರ್ಟ್ ಬಾಗಿಲವರೆಗೆ ಹಿಂದೆ ಬಂದ. ಮುಚ್ಚಳ ಈಗಲೇ ತೆರೆಯುತ್ತೇನೆ, ಬೇಕಾದರೆ ಕೊರಡನ್ನೇ ಕಿತ್ತು ಬಿಸಾಕುತ್ತೇನೆ ಎಂದ. ಅವಳು ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಇದ್ದಳು.

"ಮತ್ತೆ ಯಾವಾಗ ಬರ್ತೀಯ?"

"ಗೊತ್ತಿಲ್ಲ" ಎಂದಳು. "ನಿನ್ನ ಪಕ್ಕದಲ್ಲಿ ಕಣ್ಣು ಮುಚ್ಚೋ ಧೈರ್ಯ ಬಂದಾಗ."

ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಹೋಬರ್ಟ್ ಹಿಡಿದುಕೊಳ್ಳಲು ಕೈ ಚಾಚಿದ. ವೆಲ್ಮಾ ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ತಾನೇ ಇಳಿದು ಹೋದಳು.