ಬೋಳು ಅಣಬೆ

ಸ್ನಾನ ಮುಗಿಸಿ ಬಂದ ಟೀಚರ್, ಮೇಜಿನ ಮೇಲಿದ್ದ ಅಣಬೆಯ ಬಟ್ಟಲು ಕಂಡು ಹೌಹಾರಿದಳು. ಇಂದು ಅವಳ ಪರೀಕ್ಷಾ ಪಾಠ. ಹಿಂದಿನ ಬೆಂಚಿನಲ್ಲಿ ಹೆಡ್‌ಮೇಡಂ ಕೂತು ಕೇಳುತ್ತಾರೆ. ಹಿಡಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ನಮಸ್ಕಾರ. ಪಾಠ ಒಂದೇ ಪದದ್ದು: ಲ್ಯಾಮೆಲ್ಲಾ. ಅಣಬೆಯ ಕೊಡೆಯಡಿಯಲ್ಲಿ, ಮೀನಿನ ಕಿವಿರಿನಲ್ಲಿ, ಮೂಳೆಯೊಳಗೆ ಒತ್ತೊತ್ತಾಗಿ ಕೂತ ತೆಳು ಪದರಗಳ ಹೆಸರು. ಅದಕ್ಕೆಂದೇ ಅಂಗೈಯಗಲದ ಅಣಬೆಗಳನ್ನು ಆರಿಸಿ ತಂದಿದ್ದಳು.

ಈಗ ತಿರುಗಿಸಿ ನೋಡಿದರೆ ಒಳಗೆಲ್ಲ ನುಣ್ಣಗೆ!

“ಅತ್ತೆ, ಇದಕ್ಕೇನು ಮಾಡಿದ್ರಿ?”

“ಕ್ಲೀನ್ ಮಾಡಿದೆ,” ಎಂದರು ಅತ್ತೆ, ಚಮಚ ಒರೆಸುತ್ತ. “ಒಳಗೆ ಪದರ ಪದರ ಕಂದು ಕೊಳೆ! ಅಂಗಡಿಯವನು ನಿನಗೆ ಚೆನ್ನಾಗಿ ಟೋಪಿ ಹಾಕಿದಾನೆ. ಕೆರೆದು ಕೆರೆದು ನನ್ನ ಕೈ ಬಿದ್ದುಹೋಯ್ತು.”

“ಅಯ್ಯೋ, ಅದೇ ನನ್ನ ಪಾಠ!”

ಅತ್ತೆಯ ಮುಖ ಸಣ್ಣದಾಯಿತು. “ಕೊಳೆ ಮೇಲೆ ಪಾಠ ಅಂತ ನೀನು ಹೇಳ್ಲೇ ಇಲ್ವಲ್ಲೇ! ತಗೋ, ಇದೊಂದು ಉಳಿದಿದೆ. ಅಷ್ಟರಲ್ಲಿ ಫೋನ್ ಬಂತು.”

ಉಳಿದ ಒಂದರ ಜೊತೆಗೆ, ಕೈ ತುಂಬಿರಲೆಂದು ಒಂದು ಬೋಳನ್ನೂ ಚೀಲಕ್ಕೆ ಹಾಕಿಕೊಂಡು ಟೀಚರ್ ಶಾಲೆಗೆ ಓಡಿದಳು.

“ಇದ್ಯಾಕೆ ಮಿಸ್ ಹೀಗಿದೆ?” ಮುಂದಿನ ಬೆಂಚಿನ ಹುಡುಗಿ ಬೋಳನ್ನೇ ಎತ್ತಿ ಹಿಡಿದಳು.

“ನಮ್ಮತ್ತೆ ಕ್ಷೌರ ಮಾಡಿದಾರೆ.” ಬಾಯಿ ಜಾರಿತು. ತರಗತಿ ಗೊಳ್ಳೆಂದಿತು. ಹಿಂದೆ ಹೆಡ್‌ಮೇಡಂ ಅವರ ಪೆನ್ನು ನಿಂತಿತು.

“ಹಾಗಾದ್ರೆ ಈಗ ಇದಕ್ಕೇನು ನಷ್ಟ?” ಹುಡುಗಿ ಬಿಡಲೊಲ್ಲಳು.

ಟೀಚರ್ ತಯಾರಿಸಿದ್ದ ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. ಕಣ್ಣು ಕಿಟಕಿಯ ಪರದೆಯ ಮೇಲೆ ಬಿತ್ತು. ಸರಕ್ಕನೆ ಎಳೆದಳು, ಕಿಟಕಿ ಪೂರ್ತಿ ಮುಚ್ಚಿತು. ಮತ್ತೆ ಸರಿಸಿದಳು, ನೆರಿಗೆ ನೆರಿಗೆಯಾಗಿ ಮೂಲೆಗೆ ಸೇರಿತು.

“ಬಟ್ಟೆ ಅಷ್ಟೇ ಇದೆ, ಜಾಗ ಮಾತ್ರ ಇಷ್ಟೇ ಸಾಕು. ಅಣಬೆಯ ಬೀಜದ ಪುಡಿ ಹುಟ್ಟೋದು ಈ ಪದರಗಳ ಮೈಮೇಲೆ. ಪದರ ಹೆಚ್ಚಿದಷ್ಟೂ ಮೈ ಹೆಚ್ಚು. ಮೀನಿಗೂ ಹಾಗೇ, ಉಸಿರಾಡೋಕೆ.”

“ಅಂದ್ರೆ ಈ ಬೋಳಿಗೆ ಮಕ್ಕಳೇ ಆಗಲ್ಲ!” ಹಿಂದಿನಿಂದ ಒಬ್ಬ ತೀರ್ಪು ಕೊಟ್ಟ.

ಗಂಟೆ ಹೊಡೆಯಿತು. ಹೆಡ್‌ಮೇಡಂ ಬಂದು ಬೋಳಣಬೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಮುಂದಿನ ವರ್ಷ ಈ ಪಾಠ ಮಾಡುವಾಗಲೂ ಇಂಥದ್ದೊಂದು ತನ್ನಿ. ಅಂಗಡಿಯಲ್ಲಿ ಸಿಗುತ್ತಾ?”

ಮುಂದಿನ ವರ್ಷ! ಟೀಚರ್ ಆ ಎರಡು ಪದಗಳನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು.

“ಇಲ್ಲ ಮೇಡಂ,” ಎಂದಳು. “ಮನೇಲೇ ಮಾಡಿಸ್ಬೇಕು.”